ಕೊಂಡವರ ಮೌನ

ಮನೆಗೆ ಬೇಕಾದ ಪದಾರ್ಥಗಳನ್ನು ಪೇಟೆಗೆ ಹೋಗಿ ಕೊಳ್ಳುವ ಪದ್ಧತಿಯ ಜೊತೆಗೆ, ಮನೆಯಲ್ಲಿ ಕುಳಿತೇ ಮೊಬೈಲಿನ ಮೂಲಕ ತರಿಸಿಕೊಳ್ಳುವ ಪದ್ಧತಿಯೂ ಈಗ ನಮ್ಮ ಸಂಸಾರಗಳಲ್ಲಿ ನೆಲೆಗೊಂಡಿರುವುದು ವಾಚಕರಿಗೆ ತಿಳಿದ ಸಂಗತಿಯೇ ಸರಿ. ಪಾರ್ಸೆಲ್ಲು ಬಂದು ಎರಡು ದಿನ ಕಳೆಯುವುದರೊಳಗಾಗಿ, ಮಾರಿದವರ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು ಎಂಬ ಪ್ರಶ್ನೆಯೊಂದು ಐದು ನಕ್ಷತ್ರಗಳ ಸಹಿತವಾಗಿ ಮೊಬೈಲಿನಲ್ಲಿ ಕಾಣಿಸಿಕೊಳ್ಳುವುದು. ನಮ್ಮಲ್ಲಿ ಬಹುಮಂದಿ ಅದನ್ನು ಬೆರಳಿನಿಂದ ಸರಿಸಿಬಿಟ್ಟು ಬೇರೆ ಕೆಲಸಕ್ಕೆ ಹೋಗುವೆವು. ಹಿಂದೆ ಬರುತ್ತಿದ್ದಷ್ಟು ಅಭಿಪ್ರಾಯಗಳು ಈಗ ಬರುತ್ತಿಲ್ಲವೆಂದು ಆನ್‌ಲೈನ್ ವರ್ತಕರು ಹೇಳಿಕೊಳ್ಳುವುದನ್ನೂ ಕೇಳುತ್ತಿದ್ದೇವೆ. ಬೆರಳಿನಿಂದ ಸರಿಸಿಬಿಡುವುದು ಅಲ್ಪವಾದ ಕಾರ್ಯವಾಗಿ ಕಂಡರೂ, ನಮ್ಮ ಕಣ್ಣಿಗೆ ಬೀಳದ ಒಬ್ಬನ ಜೀವನೋಪಾಯವು ಅದರೊಡನೆ ಹೆಣೆದುಕೊಂಡಿರುವುದರಿಂದ, ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಅಂಗಡಿಯಲ್ಲಿ ಸೀರೆಯನ್ನು ಕೊಳ್ಳುವ ಗೃಹಿಣಿಯು ಸೆರಗನ್ನು ಬಿಡಿಸಿ ನೋಡುವಳು. ನೂಲನ್ನು ಬೆರಳಿನ ನಡುವೆ ಉಜ್ಜುವಳು. ಬಣ್ಣವನ್ನು ಬಾಗಿಲ ಬೆಳಕಿಗೆ ಹಿಡಿಯುವಳು. ಇದು ನಮ್ಮ ತಾರ್ಕಿಕರು ಹೇಳುವ ಪ್ರತ್ಯಕ್ಷ ಪ್ರಮಾಣ. ಮೊಬೈಲಿನ ಪೇಟೆಯಲ್ಲಿ ಈ ಪ್ರಮಾಣಕ್ಕೆ ಅವಕಾಶವಿಲ್ಲ. ಚಿತ್ರವನ್ನು ತೆಗೆದವನು ಮಾರುವವನೇ, ವರ್ಣಿಸುವವನೂ ಮಾರುವವನೇ. ಆದಕಾರಣ ನಮಗೆ ಉಳಿಯುವುದು ಶಬ್ದಪ್ರಮಾಣವೊಂದೇ, ಎಂದರೆ ಆಪ್ತನ ಮಾತು. ಆಪ್ತನು ಯಾರು? ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಆಪ್ತನ ಲಕ್ಷಣದಲ್ಲಿ ಮೂರು ಅಂಶಗಳನ್ನು ಸೇರಿಸಿದ್ದಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು, ಅರಿತುದನ್ನು ಅರಿತಂತೆಯೇ ಹೇಳಬೇಕು, ಹೇಳಬೇಕೆಂಬ ಇಚ್ಛೆಯೂ ಅವನನ್ನು ಪ್ರೇರಿಸಿರಬೇಕು. ಕೊಂಡವರಲ್ಲಿ ಮೊದಲನೆಯ ಅಂಶಕ್ಕೆ ಕೊರತೆಯಿಲ್ಲ. ವಸ್ತು ಅವರ ಕೈಯಲ್ಲೇ ಇದೆ. ಎರಡನೆಯದೂ ಬಹುಮಂದಿಯಲ್ಲಿ ಇದ್ದೇ ಇರುವುದು. ಕ್ಷೀಣವಾಗಿರುವುದು ಮೂರನೆಯದಾದ ಇಚ್ಛೆ. ಅದು ಏತಕ್ಕೆ ಕ್ಷೀಣವಾಯಿತೆಂಬುದೇ ನಮ್ಮ ಪ್ರಶ್ನೆ.

ಈ ಪದ್ಧತಿಯ ಮೂಲವನ್ನು ನೋಡಿದರೆ ವಿಷಯವು ವಿಶದವಾಗುವುದು. 1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಇಂಟರ್ನೆಟ್ಟಿನ ಮೇಲೆ ಒಂದು ಹರಾಜುಕಟ್ಟೆಯನ್ನು ಸ್ಥಾಪಿಸಿದರು. ಅದೇ ಮುಂದೆ ಈಬೇ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಲ್ಲಿ ಮೊಟ್ಟಮೊದಲು ಮಾರಾಟವಾದುದು ಕೆಟ್ಟುಹೋಗಿದ್ದ ಒಂದು ಲೇಸರ್ ಪಾಯಿಂಟರು. ಅದರ ಬೆಲೆ 14 ಡಾಲರ್ 83 ಸೆಂಟು. ಒಬ್ಬರನ್ನೊಬ್ಬರು ಕಂಡರಿಯದವರು ಅಂಚೆಯ ಮೂಲಕ ಹಣವನ್ನೂ ಪದಾರ್ಥವನ್ನೂ ಕಳುಹಿಸಿಕೊಳ್ಳುವಾಗ ವ್ಯಾಜ್ಯಗಳು ಹುಟ್ಟುವುದು ಸಹಜ. ಅವೆಲ್ಲವನ್ನೂ ತೀರ್ಮಾನಿಸುವ ಹೊರೆಯನ್ನು ಒಬ್ಬರೇ ಹೊರಲಾರದೆ, 1996ರ ಫೆಬ್ರವರಿಯಲ್ಲಿ ಅವರು ಒಂದು ಏರ್ಪಾಡನ್ನು ಮಾಡಿದರು. ಮಾರಿದವರೂ ಕೊಂಡವರೂ ಪರಸ್ಪರ ಗುಣದೋಷಗಳನ್ನು ಎಲ್ಲರಿಗೂ ಕಾಣುವಂತೆ ಬರೆಯತಕ್ಕದ್ದೆಂದೂ, ಮೆಚ್ಚತಕ್ಕವರನ್ನು ಮೆಚ್ಚಿ, ದೂರತಕ್ಕ ಕಡೆಯಲ್ಲಿ ದೂರಬೇಕೆಂದೂ ಅದರ ತಾತ್ಪರ್ಯ. ಅಪರಿಚಿತರ ನಡುವೆ ನಂಬಿಕೆಯು ಬೆಳೆಯುವುದಕ್ಕೆ ಈ ಬರೆಹಗಳೇ ಆಧಾರವಾದುವು.

ಪಾಲ್ ರೆಸ್ನಿಕ್, ರಿಚರ್ಡ್ ಜೆಕ್‌ಹೌಸರ್ ಎಂಬ ವಿದ್ವಾಂಸರು ಆ ಹರಾಜುಕಟ್ಟೆಯ 1999ನೆಯ ವರ್ಷದ ವ್ಯವಹಾರಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಜನರು ಅಭಿಪ್ರಾಯವನ್ನು ಬರೆದಿದ್ದುದು ಕಂಡುಬಂದಿತು. ಕೂಲಿಯಿಲ್ಲದ ಈ ಕೆಲಸಕ್ಕೆ ಅಷ್ಟು ಮಂದಿ ಏಕೆ ಮುಂದಾದರು? ಅಂದು ವರ್ತಕನೆಂದರೆ ಒಬ್ಬ ಮನುಷ್ಯನಾಗಿದ್ದನು. ಅಟ್ಟದ ಮೇಲಿದ್ದ ಹಳೆಯ ನಾಣ್ಯವನ್ನೊ ಅಂಚೆಕಾರ್ಡನ್ನೊ ತಾನೇ ಕಾಗದದಲ್ಲಿ ಸುತ್ತಿ, ವಿಳಾಸವನ್ನು ಕೈಯಾರೆ ಬರೆದು ಕಳುಹಿಸುತ್ತಿದ್ದನು. ಕೊಂಡವನಿಗೂ ಅವನಿಗೂ ನಾಲ್ಕು ಪತ್ರಗಳ ಪರಿಚಯವಾದರೂ ಇರುತ್ತಿತ್ತು. ಅವನು ನನ್ನನ್ನು ಕುರಿತು ಒಳ್ಳೆಯ ಮಾತು ಬರೆದರೆ ನಾನೂ ಬರೆಯುವೆನು ಎಂಬ ಪ್ರತ್ಯುಪಕಾರಬುದ್ಧಿಯೂ ಇತ್ತು.

ಇಂದಿನ ಸ್ಥಿತಿ ಬೇರೆ. ಅಮೆಜಾನ್ ಕಂಪೆನಿಯು 2006ರಲ್ಲಿ, ಅನ್ಯ ವರ್ತಕರ ಸರಕನ್ನು ತನ್ನ ಉಗ್ರಾಣಗಳಲ್ಲಿಟ್ಟುಕೊಂಡು ತಾನೇ ಕಟ್ಟಿ ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ಇದರಿಂದ ಸರಕು ಬೇಗನೆ ಬರುವ ಅನುಕೂಲವಾದುದು ನಿಜ. ಆದರೆ ಪೆಟ್ಟಿಗೆಯ ಮೇಲೆ ಕಂಪೆನಿಯ ಹೆಸರು, ತರುವ ಹುಡುಗನ ಚೀಲದ ಮೇಲೆ ಕಂಪೆನಿಯ ಹೆಸರು, ಹಣ ಹೋದದ್ದೂ ಕಂಪೆನಿಗೆ. ಹೀಗಿರುವಾಗ ಕೊಂಡವರು ಕಂಪೆನಿಯಿಂದಲೇ ಕೊಂಡೆವೆಂದು ಭಾವಿಸಿದರೆ ಆಶ್ಚರ್ಯವೇನು? ಬಿಲ್ಲಿನ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ವರ್ತಕನ ಹೆಸರನ್ನು ಓದುವವರು ವಿರಳ. ಅಲ್ಲದೆ ಪದಾರ್ಥವನ್ನು ಕುರಿತ ಅಭಿಪ್ರಾಯ ಒಂದು ಕಡೆ, ವರ್ತಕನನ್ನು ಕುರಿತ ಅಭಿಪ್ರಾಯ ಮತ್ತೊಂದು ಕಡೆ ಬರೆಯಬೇಕಾಗಿದೆ. ಒಂದೇ ಪದಾರ್ಥವನ್ನು ಹತ್ತು ಮಂದಿ ವರ್ತಕರು ಮಾರುತ್ತಿದ್ದರೆ, ಪದಾರ್ಥದ ಪುಟದಲ್ಲಿ ಹತ್ತು ಮಂದಿಯ ಗಿರಾಕಿಗಳ ಮಾತೂ ಒಟ್ಟಾಗಿ ಸೇರುವುದು. ಅಲ್ಲಿ ಒಂದು ಸಾಲು ಬರೆದ ಗೃಹಸ್ಥನು ತನ್ನ ಕರ್ತವ್ಯವು ಮುಗಿಯಿತೆಂದುಕೊಳ್ಳುವನು. ವರ್ತಕನ ಪುಟ ಬರಿದಾಗಿಯೇ ಉಳಿಯುವುದು. ಕಾಣದವನ ಮೇಲೆ ಉಪಕಾರಸ್ಮರಣೆಯು ಹುಟ್ಟುವುದು ಕಷ್ಟ. ಮೌನಕ್ಕೆ ಇದೇ ಪ್ರಧಾನ ಕಾರಣವೆಂದು ನಮ್ಮ ಅಭಿಪ್ರಾಯ.

ಎರಡನೆಯ ಕಾರಣವನ್ನು ನಮ್ಮ ನೆರೆಮನೆಯ ವೃದ್ಧ ಮಹಿಳೆಯೊಬ್ಬರು ಸ್ವಾರಸ್ಯವಾಗಿ ಹೇಳಿದರು. "ಸೀರೆ ಚೆನ್ನಾಗಿಯೇ ಬಂತು ಮೇಷ್ಟ್ರೇ. ಚೆನ್ನಾಗಿ ಬರಲಿ ಅಂತಲೇ ಅಲ್ಲವೇ ದುಡ್ಡು ಕೊಟ್ಟದ್ದು? ಅದಕ್ಕೆ ಬೇರೆ ಸರ್ಟಿಫಿಕೇಟು ಯಾತಕ್ಕೆ?" ಆಕೆಯ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಪೇಟೆಯ ಬೀದಿಯಲ್ಲಾದರೆ ಆಕೆಯು ಬಾಯಿ ಬಿಟ್ಟು ಹೊಗಳಬೇಕಾಗಿಯೇ ಇಲ್ಲ. ಆಕೆಯ ಮುಖದ ತೃಪ್ತಿಯನ್ನು ಅಂಗಡಿಯವನು ನೋಡುವನು; ಮುಂದಿನ ಹಬ್ಬಕ್ಕೆ ಆಕೆಯು ಅದೇ ಅಂಗಡಿಗೆ ಹೋಗುವುದೇ ಒಂದು ಪ್ರಶಂಸೆ; ಮದುವೆಯ ಮನೆಯಲ್ಲಿ ನಾಲ್ಕು ಜನ ಹೆಂಗಸರು ಸೆರಗನ್ನು ಮುಟ್ಟಿ ನೋಡಿ ಅಂಗಡಿಯ ಹೆಸರನ್ನು ಕೇಳುವರು. ಬೀದಿಯಲ್ಲಿ ಗಿರಾಕಿಯ ಮೌನಕ್ಕೂ ನಾಲಗೆಯುಂಟು. ಮೊಬೈಲಿನ ಪೇಟೆಯಲ್ಲಿ ಈ ದಾರಿಗಳೆಲ್ಲ ಮುಚ್ಚಿರುವುವು. ಅಲ್ಲಿ ಬರೆದ ಮಾತು ಮಾತ್ರವೇ ಮಾತು.

ಮೂರನೆಯದು ದಾಕ್ಷಿಣ್ಯ ಮತ್ತು ಭಯ. ಪದಾರ್ಥವು ತೀರ ಕೆಟ್ಟದ್ದಾಗಿದ್ದರೆ ಕೋಪವೇ ಬರೆಯಿಸುವುದು. ಆದರೆ ಬಣ್ಣ ಚಿತ್ರದಲ್ಲಿದ್ದುದಕ್ಕಿಂತ ಸ್ವಲ್ಪ ಮಾಸಲು, ಪಾತ್ರೆಯ ಅಂಚು ಸ್ವಲ್ಪ ನಗ್ಗಿದೆ ಎಂಬಂತಹ ಸಣ್ಣ ದೋಷಗಳನ್ನು ಹೇಳಿ ಒಬ್ಬನ ಅನ್ನಕ್ಕೆ ಕಲ್ಲು ಹಾಕುವುದೇಕೆಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ವರ್ತಕನ ಹತ್ತಿರ ತಮ್ಮ ವಿಳಾಸವೂ ಫೋನ್ ನಂಬರೂ ಇರಬಹುದೆಂಬ ಅಳುಕೂ ಕೆಲವರಿಗುಂಟು. ಈಬೇಯಲ್ಲಿ ಮೊದಲು ವರ್ತಕನೂ ಗಿರಾಕಿಯ ಮೇಲೆ ಕೆಟ್ಟ ಅಭಿಪ್ರಾಯವನ್ನು ಬರೆಯಬಹುದಾಗಿದ್ದುದರಿಂದ, ಪ್ರತೀಕಾರಕ್ಕೆ ಅಂಜಿ ಅನೇಕರು ಮೌನವನ್ನೇ ಆಶ್ರಯಿಸುತ್ತಿದ್ದರು. 2008ರಲ್ಲಿ ವರ್ತಕರು ಗಿರಾಕಿಗಳ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವುದನ್ನು ಕಂಪೆನಿಯು ನಿಷೇಧಿಸಿತು. ಭಯವೇನೋ ಹೋಯಿತು, ಆದರೆ ಹೊಗಳಿಕೆಯೊಂದನ್ನೇ ಬರೆಯಬಲ್ಲ ವರ್ತಕನ ಮಾತಿಗೆ ಬೆಲೆಯೂ ಇಳಿದು, ಕೊಟ್ಟು ತೆಗೆದುಕೊಳ್ಳುವ ಸಂಬಂಧವೂ ಸಡಿಲವಾಯಿತು.

ನಾಲ್ಕನೆಯದು ಕೇಳುವವರ ಅತಿರೇಕ. ಬ್ಯಾಂಕಿಗೆ ಹೋಗಿಬಂದರೆ ನಕ್ಷತ್ರ, ಆಟೋ ಹತ್ತಿ ಇಳಿದರೆ ನಕ್ಷತ್ರ, ದೋಸೆ ತರಿಸಿ ತಿಂದರೆ ನಕ್ಷತ್ರ. ದಿನಕ್ಕೆ ಹತ್ತು ಸಲ ಕೇಳಿಸಿಕೊಂಡವನು ಹನ್ನೊಂದನೆಯ ಸಲ ಕಿವುಡನಾಗುವನು. ಅತಿಪರಿಚಯದಿಂದ ಅವಜ್ಞೆಯೆಂಬುದು ಇಲ್ಲಿಯೂ ಸಲ್ಲುವುದು. ಐದನೆಯದು, ಶ್ರಮವು ತನ್ನದು, ಪ್ರಯೋಜನವು ಇತರರದು ಎಂಬ ಲೆಕ್ಕಾಚಾರ. ಕೊಳ ತುಂಬಿಸಲು ಮನೆಗೊಂದು ಕೊಡ ಹಾಲನ್ನು ಸುರಿಯಬೇಕೆಂದು ರಾಜನು ಆಜ್ಞಾಪಿಸಲು, ಪ್ರತಿಯೊಬ್ಬನೂ ಇತರರು ಹಾಲು ಸುರಿಯುವರೆಂದು ನಂಬಿ ತಾನು ನೀರನ್ನು ಸುರಿದ ಕಥೆಯನ್ನು ವಾಚಕರು ಬಲ್ಲರು. ಕೊಳ್ಳುವ ಮೊದಲು ಇತರರ ಅಭಿಪ್ರಾಯಗಳನ್ನು ಅರ್ಧ ಗಂಟೆ ಓದುವ ನಾವು, ಕೊಂಡ ಮೇಲೆ ಅರ್ಧ ನಿಮಿಷವನ್ನು ಕೊಡಲೊಲ್ಲೆವು.

ಇದರಿಂದ ಆಗುವ ಹಾನಿಯೇನು? "ಮೌನಂ ಸಮ್ಮತಿ ಲಕ್ಷಣಂ" ಎಂಬ ಲೋಕೋಕ್ತಿಯು ಸಭೆಯಲ್ಲಿ ಸಲ್ಲಬಹುದು. ಈ ಪೇಟೆಯಲ್ಲಿ ಸಲ್ಲದು. ತೃಪ್ತನಾದವನ ಮೌನವೂ ಅತೃಪ್ತನಾದವನ ಮೌನವೂ ಇಲ್ಲಿ ಒಂದೇ ಬಣ್ಣದವು. ಹಳೆಯ ನಾಣ್ಯಗಳ ಹರಾಜುಗಳನ್ನು ಪರಿಶೀಲಿಸಿ ಡೆಲ್ಲರೋಕಾಸ್ ಮತ್ತು ವುಡ್ ಎಂಬವರು 2008ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ 99 ಒಳ್ಳೆಯವಾಗಿದ್ದರೂ, ಸುಮ್ಮನಿದ್ದವರನ್ನೂ ಲೆಕ್ಕಕ್ಕೆ ಸೇರಿಸಿದರೆ ನಿಜವಾಗಿ ತೃಪ್ತರಾದ ಗಿರಾಕಿಗಳು ಐದರಲ್ಲಿ ಸುಮಾರು ನಾಲ್ಕು ಪಾಲು ಮಾತ್ರ. ನೋಸ್ಕೊ ಮತ್ತು ಟಡೇಲಿಸ್ ಎಂಬವರು 2015ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಒಬ್ಬ ವರ್ತಕನಿಂದ ನೊಂದ ಗಿರಾಕಿಯು ಅನೇಕ ವೇಳೆ ದೂರನ್ನೂ ಬರೆಯದೆ, ಆ ಪೇಟೆಯನ್ನೇ ಬಿಟ್ಟು ಹೋಗುವನು. ಒಬ್ಬನ ತಪ್ಪಿಗೆ ಅಲ್ಲಿರುವ ಪ್ರಾಮಾಣಿಕರೆಲ್ಲರೂ ತೆರಿಗೆ ಕೊಟ್ಟಂತಾಯಿತು.

ಹೊಸದಾಗಿ ಆರಂಭಿಸಿದ ಸಣ್ಣ ವರ್ತಕನಿಗಂತೂ ಈ ಮೌನವು ಪ್ರಾಣಸಂಕಟ. ಪಾಠಶಾಲೆಯ ಲೆಕ್ಕದ ರೀತಿಯಲ್ಲಿ ಹೇಳುವೆವು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವನೊಬ್ಬನಿಗೆ 101 ಗಿರಾಕಿಗಳು ಇದ್ದರೆನ್ನೋಣ. 100 ಮಂದಿ ಪೂರ್ಣ ತೃಪ್ತರು. ಒಬ್ಬನ ಗೊಂಬೆ ದಾರಿಯಲ್ಲಿ ಮುರಿಯಿತು. ಅವನು ಕೋಪದಿಂದ ಒಂದೇ ನಕ್ಷತ್ರವನ್ನು ಕೊಟ್ಟನು. ಎಲ್ಲರೂ ಅಭಿಪ್ರಾಯ ಕೊಟ್ಟಿದ್ದರೆ ಸರಾಸರಿ 4.96. ತೃಪ್ತರಲ್ಲಿ 10 ಮಂದಿ ಮಾತ್ರ ಕೊಟ್ಟು 90 ಮಂದಿ ಸುಮ್ಮನಾದರೆ ಸರಾಸರಿ 4.64. ಗೊಂಬೆಯೂ ಅದೇ, ಮಾಡಿದ ಕೈಯೂ ಅದೇ. ಆದರೂ ಹೆಸರು ಕೆಳಗಿಳಿಯಿತು. ಇಳಿಸಿದವನು ಕೋಪಗೊಂಡ ಒಬ್ಬನಲ್ಲ, ತೃಪ್ತರಾಗಿ ಸುಮ್ಮನಾದ 90 ಮಂದಿ. ಹೆಸರಿಗೆ ಹಣದ ಬೆಲೆಯೂ ಉಂಟು. ಹಳೆಯ ಚಿತ್ರ ಅಂಚೆಕಾರ್ಡುಗಳನ್ನು ಮಾರುವ ಒಬ್ಬ ವರ್ತಕನು ಒಂದೇ ಬಗೆಯ ಕಾರ್ಡುಗಳನ್ನು ತನ್ನ ಪ್ರಸಿದ್ಧವಾದ ಹೆಸರಿನಲ್ಲಿಯೂ ಹೊಸ ಹೆಸರುಗಳಲ್ಲಿಯೂ ಮಾರಿ ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಹಳೆಯ ಹೆಸರಿಗೆ ಜನರು ಶೇಕಡ 8.1ರಷ್ಟು ಹೆಚ್ಚು ಕೊಡಲು ಒಪ್ಪಿದ್ದರು. ಅಂತಹ ಹೆಸರು ಒಂದೊಂದೇ ಗಿರಾಕಿಯ ಒಂದೊಂದೇ ಸಾಲಿನಿಂದ ಕಟ್ಟಲ್ಪಟ್ಟುದು.

ಪ್ರಾಮಾಣಿಕರು ಸುಮ್ಮನಿದ್ದ ಜಾಗವನ್ನು ಕೂಲಿಯ ಹೊಗಳುಭಟರು ಆಕ್ರಮಿಸುವರು. ಐದು ನಕ್ಷತ್ರ ಕೊಟ್ಟರೆ ಇಷ್ಟು ರೂಪಾಯಿ ಹಿಂದಿರುಗಿಸುವೆವೆಂಬ ಚೀಟಿಗಳನ್ನು ಪೆಟ್ಟಿಗೆಯೊಳಗಿಡುವ ವರ್ತಕರೂ ಉಂಟು. ಸರಕಾರಗಳು ಸುಮ್ಮನಿಲ್ಲ. ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳು, ವರ್ತಕನು ಗಿರಾಕಿಯ ವೇಷದಿಂದ ತನ್ನ ಸರಕನ್ನು ತಾನೇ ಹೊಗಳಿಕೊಳ್ಳುವುದನ್ನು ನಿಷೇಧಿಸಿವೆ. 2022ರ ನವೆಂಬರಿನಲ್ಲಿ ಇಂತಹ ಅಭಿಪ್ರಾಯಗಳ ಸಂಗ್ರಹಕ್ಕೂ ಪ್ರಕಟಣೆಗೂ ಐಎಸ್ 19000 ಎಂಬ ಮಾನಕವು ಹೊರಟಿತು. ಅಮೆರಿಕದಲ್ಲಿ ಸುಳ್ಳು ಅಭಿಪ್ರಾಯಗಳ ಮಾರಾಟವನ್ನು ನಿಷೇಧಿಸುವ ನಿಯಮವು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಚೀನಾದೇಶದ ತಾವೊಬಾವ್ ಎಂಬ ಪೇಟೆಯು 2012ರಲ್ಲಿ ಬೇರೊಂದು ಉಪಾಯವನ್ನು ಹೂಡಿತು. ಅಭಿಪ್ರಾಯ ಬರೆದವರಿಗೆ ವರ್ತಕನು ಸಣ್ಣ ಮೊತ್ತವನ್ನು ಹಿಂದಿರುಗಿಸಬಹುದು; ಆದರೆ ಬರೆದುದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನೋಡದೆ, ವಿವರವಾಗಿ ಬರೆದಿದ್ದಾರೆಯೇ ಎಂಬುದನ್ನು ಮಾತ್ರ ನೋಡತಕ್ಕದ್ದು. ಇವೆಲ್ಲವೂ ಉಚಿತವೇ. ಆದರೆ ಕಾನೂನು ಸುಳ್ಳನ್ನು ತಡೆಯಬಹುದಲ್ಲದೆ, ಸತ್ಯವನ್ನು ಬಲ್ಲವರ ಬಾಯಿಂದ ಅದನ್ನು ಹೊರಡಿಸಲಾರದು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಬಂದ ಪ್ರತಿಯೊಂದು ಪಾರ್ಸೆಲ್ಲಿಗೂ ಬರೆಯಬೇಕಾಗಿಲ್ಲ. ದೊಡ್ಡ ಕಂಪೆನಿಯ ಸಾಬೂನಿಗೆ ನಮ್ಮ ಸಾಲು ಬೇಕಾಗಿಲ್ಲ. ಇಳಕಲ್ಲಿನ ನೇಕಾರನಿಗೆ, ಊರಿನ ಮೂಲೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವ ವಿಧವೆಗೆ, ಹಳೆಯ ಪುಸ್ತಕಗಳನ್ನು ಹುಡುಕಿ ಕಳುಹಿಸುವವನಿಗೆ ಬೇಕು. ಬಿಲ್ಲನ್ನು ಎಸೆಯುವ ಮೊದಲು ಮಾರಿದವರ ಹೆಸರನ್ನು ಒಮ್ಮೆ ಓದುವುದು. ವಸ್ತುವನ್ನು ಕೆಲವು ದಿನ ಬಳಸಿದ ಮೇಲೆ, ಹೇಳಿದಂತೆ ಇತ್ತೇ, ಭದ್ರವಾಗಿ ಕಟ್ಟಿದ್ದರೇ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೇ ಎಂಬ ಮೂರು ವಿಷಯಗಳನ್ನು ಎರಡು ಸಾಲುಗಳಲ್ಲಿ ಬರೆಯುವುದು. ತರುವವನು ತಡಮಾಡಿದ ದೋಷವನ್ನು ಮಾರಿದವನ ತಲೆಗೆ ಕಟ್ಟದಿರುವುದು. ಕೊರತೆಯಿದ್ದರೆ ಮೊದಲು ಅವನಿಗೇ ತಿಳಿಸಿ, ಸರಿಪಡಿಸಿದನೋ ಇಲ್ಲವೋ ಎಂಬುದನ್ನೂ ಸೇರಿಸಿ ಬರೆಯುವುದು. ನಕ್ಷತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ಬಂದವನು ಪ್ರಥಮ ದರ್ಜೆಯವನು, ಬಹುಮಂದಿ ಐದನ್ನೇ ಪಡೆದಿರುವ ಈ ಪೇಟೆಯಲ್ಲಿ ನಾಲ್ಕು ಸರಾಸರಿಯನ್ನು ಕೆಳಗೆಳೆಯುವುದು. ಆದಕಾರಣ ಬರಿಯ ಅಂಕವನ್ನು ಕೊಡದೆ, ಅದರ ಕಾರಣವನ್ನೂ ಮಾತಿನಲ್ಲಿ ಹೇಳುವುದು ನ್ಯಾಯ.

ಆಪ್ತನ ಲಕ್ಷಣವು ಋಷಿಗೂ ಸಾಮಾನ್ಯನಿಗೂ ಸಮಾನವೆಂದು ಆ ಭಾಷ್ಯಕಾರನೇ ಹೇಳಿರುವನು. ಶಾಸ್ತ್ರವನ್ನು ಓದದವರೂ, ಕೊಂಡ ಪದಾರ್ಥದ ಮಟ್ಟಿಗೆ, ಆಪ್ತರಾಗಬಲ್ಲರು. ಕಂಡದ್ದನ್ನು ಕಂಡ ಹಾಗೆ ಹೇಳುವ ಮನಸ್ಸೊಂದು ಬೇಕು. ದೀಪಾವಳಿಗೆ ತರಿಸಿದ ಸೀರೆಯೋ ಗೊಂಬೆಯೋ ಮನೆಯವರಿಗೆ ಒಪ್ಪಿಗೆಯಾಗಿದ್ದರೆ, ಆ ಒಪ್ಪಿಗೆಯು ಅದನ್ನು ಮಾಡಿದವರ ಕಿವಿಗೂ ಬೀಳಲಿ.