‘ಲಾ’ ಎಂಬ ಒಂದಕ್ಷರ

ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಒಂದು ಮುಂಜಾನೆ ನಡೆದ ಸಂಗತಿ. ಅಪ್ಪನ ಜತೆ ಟೊಮೇಟೊ ಹಾಕಲು ಹೋಗಿದ್ದೆ. ಪಕ್ಕದಲ್ಲಿದ್ದ ನಮ್ಮೂರ ರೈತರೊಬ್ಬರು, ಕೇರಳದ ವ್ಯಾಪಾರಿಯ ಕಡೆಯಿಂದ ಹೊಸದಾಗಿ ಬಂದಿದ್ದ ಹುಡುಗನನ್ನು ‘ಪಟ್ಟಿ ಎಲ್ಲಪ್ಪಾ?’ ಎಂದು ಕೇಳಿದರು. ಸರಕಿನ ತೂಕ, ದರ ಬರೆದ ಚೀಟಿಗೆ ನಮ್ಮಲ್ಲಿ ಪಟ್ಟಿ ಎನ್ನುವುದು ವಾಡಿಕೆ. ಆತನೋ ಬೆಚ್ಚಿ ಕಾಲ ಬುಡ ನೋಡಿಕೊಂಡ. ಲಾರಿಯ ಕೆಳಗೂ ಬಗ್ಗಿ ನೋಡಿದ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಹಳಬನಾದ ಹಮಾಲಿಯೊಬ್ಬ ಎರಡು ಭಾಷೆಯಲ್ಲೂ ಬಿಡಿಸಿ ಹೇಳಿದ ಮೇಲೆ ಎಲ್ಲರೂ ನಕ್ಕರು.

ನಮ್ಮದು ಮೂರು ನುಡಿಗಳು ಕೂಡುವ ಸೀಮೆ. ಗುಂಡ್ಲುಪೇಟೆಯಿಂದ ಒಂದು ದಾರಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಚಾಮರಾಜನಗರದಿಂದ ಮತ್ತೊಂದು ಸತ್ಯಮಂಗಲಕ್ಕೆ. 2009ರಿಂದ ಬಂಡೀಪುರದ ಕಾಡುದಾರಿಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ, ತಡವಾಗಿ ಬಂದ ಲಾರಿಯವರು ಈ ಕಡೆಯೇ ರಾತ್ರಿ ಕಳೆಯಬೇಕು. ಅವರ ಕುಶಲಪ್ರಶ್ನೆಯೂ ನಮ್ಮದೂ ಒಂದೇ. ನಾವು ‘ಉಂಡ್ರಾ?’ ಎನ್ನುತ್ತೇವೆ, ತಮಿಳರು ‘ಸಾಪ್ಟಾಚ್ಚಾ?’ ಎನ್ನುತ್ತಾರೆ; ಮಲಯಾಳಿಗಳು ‘ಊಣು ಕಳಿಞ್ಞೋ?’ ಎನ್ನುತ್ತಾರೆ. ಹಾಗೆ ಕೇಳಿದವನು ಎಲೆ ಹಾಕಿ ಬಡಿಸುವನೆಂದು ಯಾರೂ ಕಾಯುವುದಿಲ್ಲ. ‘ಚೆನ್ನಾಗಿದ್ದೀಯಾ?’ ಎಂಬುದೇ ಅದರ ಅರ್ಥ. ಹೊರಡುವಾಗಲೂ ಹಾಗೆಯೇ. ‘ಹೋಗ್ತೀನಿ’ ಎಂದರೆ ಅವ್ವ ಬಾಯಿ ಮುಚ್ಚಿಸುವಳು, ‘ಬತ್ತೀನಿ’ ಎನ್ನಬೇಕು. ತಮಿಳರ ‘ಪೋಯಿಟ್ಟು ವರೇನ್’ ಕೂಡ ಅದೇ. ಹೋಗುವವನು ಬರುತ್ತೇನೆಂದು ಹೇಳಿ ಹೋಗುವುದು ಯಾವ ನಿಘಂಟಿನ ತರ್ಕ?

ಮಾತಿನ ಅರ್ಥದಲ್ಲಿ ಅರ್ಧ ಮಾತ್ರ ನಿಘಂಟಿನಲ್ಲಿರುತ್ತದೆ. ಉಳಿದರ್ಧ, ಯಾರು ಯಾರಿಗೆ ಹೇಳಿದರು ಎಂಬುದರಲ್ಲಿದೆ. ಹೆಂಡತಿಯ ಸೋದರನನ್ನೇ ತೆಗೆದುಕೊಳ್ಳಿ. ತಮಿಳಿನಲ್ಲಿ ಅವನು ಮಚ್ಚಾನ್. ಅಲ್ಲಿಂದ ನಮ್ಮ ಕಾಲೇಜಿನ ಪಡಸಾಲೆಗೆ ಬಂದು ‘ಮಚ್ಚಾ’ ಆಗಿದ್ದಾನೆ, ಅಂದರೆ ಪ್ರಾಣಸ್ನೇಹಿತ. ಹಿಂದಿಯಲ್ಲಿ ಅವನೇ ‘ಸಾಲಾ’. ಬೀದಿಯಲ್ಲಿ ಅದು ಬೈಗುಳ. ಅದೇ ನಂಟಿನ ಇನ್ನೊಂದು ತುದಿ ಭಾವ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಂಗನಾಥಸ್ವಾಮಿಯನ್ನೇ ಭಾವ ಎನ್ನುತ್ತಾರೆ. ತಮ್ಮ ಕುಲದ ಹೆಣ್ಣನ್ನು ರಂಗಪ್ಪ ಮದುವೆಯಾದನೆಂಬುದು ಅವರ ನಂಬಿಕೆ. ನಂಟು ಒಂದೇ, ಒಂದು ಕಡೆ ಸಲಿಗೆ, ಒಂದು ಕಡೆ ನಿಂದೆ, ಬೆಟ್ಟದ ಮೇಲೆ ಭಕ್ತಿ!

ಈಗ ತಮಿಳುನಾಡಿನ ತಾಳವಾಡಿ ತಾಲ್ಲೂಕಿಗೆ ಸೇರಿರುವ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜರು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಆದರು. ಆದರೆ ಜನರ ಬಾಯಲ್ಲಿ ನಿಂತದ್ದು ‘ಅಣ್ಣಾವ್ರು’ ಎಂಬ ಹೆಸರು. ‘ಅಣ್ಣ’ದಲ್ಲಿ ಮನೆಯ ಪ್ರೀತಿ, ‘ಅವ್ರು’ವಿನಲ್ಲಿ ಊರ ಗೌರವ. ಪ್ರೀತಿ ಗೌರವಗಳೆರಡೂ ಒಂದೇ ಮಾತಿನಲ್ಲಿ ಕೂಡಿ ಇರಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ‘ಲಾ’ ವಿಚಾರ. ಏನ್ಲಾ, ಬಾರ್ಲಾ, ಅಲ್ಲ ಕಣ್ಲಾ! ಬೆಂಗಳೂರಿಗೆ ಹೋದರೆ ಈ ಒಂದಕ್ಷರದಿಂದಲೇ ನಮ್ಮ ಊರು ಗೊತ್ತಾಗಿಬಿಡುತ್ತದೆ, ನಗುವವರು ನಗುತ್ತಾರೆ. ನಾನು ಮೊದಲ ವರ್ಷದಲ್ಲಿದ್ದಾಗ, ಊರಿಂದ ಬುತ್ತಿ ತಂದ ಅವ್ವ ಕಾಲೇಜಿನ ಗೇಟಿನ ಬಳಿ ನಿಂತು ‘ಉಂಡ್ಯೇನ್ಲಾ ಮಗಾ?’ ಎಂದು ಕೂಗಿದಳು. ಗೆಳೆಯರ ಮುಂದೆ ನಾನು ಕೇಳಿಸದವನಂತೆ ನಿಂತೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವ್ವನ ಮಾತು ನನಗೆ ಕೆಳಗೆ ಕಂಡಿತು. ಆ ನಾಚಿಕೆಗಾಗಿ ಇಂದು ನಾಚುತ್ತೇನೆ. ನಮ್ಮ ನೆರೆಯ ನಂಜನಗೂಡು ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವರು ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪುಸ್ತಕದಲ್ಲಿ ಮೆಚ್ಚುವ ನುಡಿಯನ್ನು ಗೇಟಿನ ಬಳಿ ಕೇಳಿದರೆ ತಲೆ ತಗ್ಗಿಸುವುದು ಯಾವ ನ್ಯಾಯ?

ಆದರೆ ಎಲ್ಲ ‘ಲಾ’ವೂ ಅವ್ವನ ‘ಲಾ’ ಅಲ್ಲ. ನಮ್ಮ ತಾತನ ಹೆಸರಿನ ಕೊನೆಯಲ್ಲಿ ‘ಅಯ್ಯ’ ಎಂದಿತ್ತು. ಅಯ್ಯ ಎಂದರೆ ತಂದೆ, ಹಿರಿಯ. ಅದು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನು ಗೇಯುತ್ತಿದ್ದ ಹೊಲದ ಒಡೆಯರ ಮನೆಯ ಹತ್ತು ವರ್ಷದ ಹುಡುಗನೂ ಅಯ್ಯನನ್ನು ಕತ್ತರಿಸಿ, ‘ಲಾ’ ಸೇರಿಸಿ ಕೂಗುತ್ತಿದ್ದ. ಎಪ್ಪತ್ತು ದಾಟಿದ ತಾತ ‘ಬಂದೆ ಬುದ್ಧೀ’ ಎನ್ನುತ್ತಿದ್ದ. ಬುದ್ಧಿ ಎಂದರೆ ವಿವೇಕವೆಂದು ನಿಘಂಟು ಹೇಳುತ್ತದೆ. ನಮ್ಮ ಕಡೆ ಅದು ಒಡೆಯನನ್ನು ಕರೆಯುವ ಮಾತು.

ಅದು ಹಳೆಯ ಕಾಲವೆಂದು ಸಮಾಧಾನಪಟ್ಟುಕೊಂಡಿದ್ದೆ. ಕಳೆದ ದಸರೆಯ ರಜೆಯಲ್ಲಿ ಅಪ್ಪನೊಡನೆ ಊರ ಹೋಟೆಲಿಗೆ ಹೋದೆ. ಮಾಲೀಕರು ನನ್ನನ್ನು ಕಂಡು ‘ಬನ್ನಿ, ಕೂತ್ಕಳಿ’ ಎಂದರು. ಜತೆಗಿದ್ದ ಅಪ್ಪನಿಗೆ ‘ನೀನೂ ಬಾರ್ಲಾ’ ಎಂದರು. ನೋಯಿಸಬೇಕೆಂದು ಅಂದದ್ದಲ್ಲ, ನಾಲಿಗೆಗೆ ಅಂಟಿದ ಅಭ್ಯಾಸ. ಮಾಲೀಕರು ಅಪ್ಪನಿಗಿಂತ ಚಿಕ್ಕವರು. ಫೀಸು ಕಟ್ಟಿದವನು ಅಪ್ಪ, ‘ಬನ್ನಿ’ ಸಿಕ್ಕಿದ್ದು ನನಗೆ! ಟೀ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ಮಾತ್ರ ಏನೂ ಆಗದವನಂತೆ ಕುಡಿದು, ಹೊರಗೆ ಬಂದ ಮೇಲೆ, ‘ನಿನ್ಗಾದ್ರೂ ಬನ್ನಿ ಅಂದ್ರಲ್ಲ, ಬುಡು’ ಎಂದ.

ಹಾಗಾದರೆ ಯಾವ ‘ಲಾ’ ಪ್ರೀತಿ, ಯಾವುದು ಅವಮಾನ? ನನಗೆ ತೋಚಿದ ಪರೀಕ್ಷೆ ಒಂದೇ: ಆ ಮಾತನ್ನು ತಿರುಗಿ ಹೇಳಬಹುದೆ? ಗೆಳೆಯ ‘ಏನ್ಲಾ’ ಎಂದರೆ ನಾನೂ ‘ಏನ್ಲಾ’ ಎನ್ನಬಲ್ಲೆ. ಅವ್ವನಿಗೆ ‘ಲಾ’ ಎನ್ನಲಾರೆ. ಆದರೆ ‘ನೀನು ಬಾ’ ಎನ್ನುತ್ತೇನೆ. ಮಲೆಯ ಮಾದಪ್ಪನನ್ನೂ ಏಕವಚನದಲ್ಲೇ ಕರೆಯುತ್ತೇವೆ. ಅವನು ಕೋಪಿಸಿಕೊಂಡಿದ್ದನ್ನು ಯಾರೂ ಕಾಣೆವು. ದೇವರಿಗೆ ಹೇಳಬಹುದಾದ ‘ನೀನು’ ಎಂಬ ಮಾತನ್ನು ತಾತ ಒಡೆಯರ ಮನೆಯ ಹುಡುಗನಿಗೆ ಹೇಳುವಂತಿರಲಿಲ್ಲ. ಎಂದ ಮೇಲೆ ದೋಷ ಅಕ್ಷರದಲ್ಲಿಲ್ಲ, ಒಂದೇ ಕಡೆಗೆ ಹರಿಯುವ ಅದರ ದಾರಿಯಲ್ಲಿದೆ.

ಎಲ್ಲರೂ ಗ್ರಂಥಭಾಷೆಯನ್ನೇ ಆಡಿದರೆ ತಂಟೆ ಮುಗಿಯಿತಲ್ಲ ಎಂದು ಕೆಲವು ಗೆಳೆಯರು ವಾದಿಸುವುದುಂಟು. ನಾನು ಒಪ್ಪಲಾರೆ. ‘ತಾವು’ ಎನ್ನುತ್ತಲೇ ಬಾಗಿಲ ಹೊರಗೆ ನಿಲ್ಲಿಸಬಹುದು. ‘ಬಾರ್ಲಾ’ ಎಂದು ಪಕ್ಕದಲ್ಲಿ ಕೂರಿಸಿ ಉಣಿಸಬಹುದು. ಸಂಬೋಧನೆಯ ಎರಡು ಬಗೆಗಳನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಎದುರುಬದುರಿಟ್ಟು ತೂಗಿದ್ದಾರೆ. ಆ ವಚನ ನಮಗೆಲ್ಲ ಬಾಯಿಪಾಠವಾಗಿದೆ; ಬಾಯಿಮಾತಾಗಿಲ್ಲ.

ಸಹಪಾಠಿಗಳೆ, ಪರರನ್ನು ದೂರುವ ಮೊದಲು ನಮ್ಮ ನಾಲಿಗೆಯನ್ನೇ ನೋಡಿಕೊಳ್ಳೋಣ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಮೇಜು ಒರೆಸುವ ಮುದುಕನನ್ನು ನಾವು ಏನೆಂದು ಕೂಗುತ್ತೇವೆ? ಅವನು ಅದೇ ಮಾತನ್ನು ನಮಗೆ ತಿರುಗಿ ಹೇಳಿದರೆ ಸುಮ್ಮನಿರುತ್ತೇವೆಯೆ?

ಈಗ ಅವ್ವ ಫೋನಿನಲ್ಲಿ ‘ಉಂಡ್ಯೇನ್ಲಾ?’ ಎಂದರೆ, ಸುತ್ತಲಿನವರಿಗೆ ಕೇಳುವಂತೆ ‘ಉಂಡೆ ಕಣವ್ವಾ’ ಎನ್ನುತ್ತೇನೆ. ಊರ ಹೋಟೆಲಿನಲ್ಲಿ ಇನ್ನೊಂದು ಮಾತು ಬಾಕಿ ಇದೆ. ಈ ಸಲ ಮಾಲೀಕರು ನನಗೆ ‘ಬನ್ನಿ’ ಎಂದಾಗ, ‘ಮೊದಲು ನಮ್ಮಪ್ಪನಿಗೆ ಅನ್ನಿ’ ಎನ್ನಬೇಕೆಂದಿದ್ದೇನೆ. ಆ ಧೈರ್ಯ ಬಂದರೆ, ಮೂರು ವರ್ಷದ ಓದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.