‘ಹೆಲ್ದಿ’ ಉಂಡೆಯ ಲೆಕ್ಕ

ಕಾಲೇಜಿನ ಆಹಾರ ಮೇಳಕ್ಕೆ ನಾನು ಮತ್ತು ಭಟ್ಕಳದ ನನ್ನ ಗೆಳತಿ ಸೇರಿ ಒಂದು ಉಂಡೆ ಮಾಡಿದ್ದೆವು. ಒಲೆ ಹಚ್ಚುವುದು ಬೇಡ, ಓವನ್ ಬೇಡ. ಓಟ್ಸ್, ಕೊಕ್ಕೋ ಪುಡಿ, ಒಣಕೊಬ್ಬರಿ ತುರಿ, ಕುಮಟಾ ಪೇಟೆಯಲ್ಲಿ ಸಿಗುವ ಗೇರುಬೀಜದ ತುಂಡು, ಅಂಟಿಗೆ ಜೋನಿ ಬೆಲ್ಲ, ಮೇಲೊಂದಿಷ್ಟು ಕರಗಿಸಿದ ಚಾಕೊಲೇಟ್. ರೀಲ್ಸ್‌ನಲ್ಲಿ ನೋಡಿ ಕಲಿತದ್ದು. ಅಲ್ಲಿ ಅದನ್ನು ‘ಟ್ರಾಪಿಕಲ್’ ಎನ್ನುತ್ತಾರೆ. ತೆಂಗು, ಮಾವು, ಅನಾನಸು ನಮಗೆ ಹಿತ್ತಿಲು, ಅಷ್ಟೆ. ಪೊಟ್ಟಣದ ಮೇಲೆ ಗೆಳತಿಯ ಚಂದದ ಅಕ್ಷರದಲ್ಲಿ ‘ಹೆಲ್ದಿ, ಸಕ್ಕರೆ ರಹಿತ’ ಎಂದು ಬರೆಸಿದ್ದೆ. ಮಧ್ಯಾಹ್ನದೊಳಗೆ ಎಲ್ಲ ಖಾಲಿ.

ಹೆಮ್ಮೆಯಿಂದ ಮನೆಯಲ್ಲೂ ಒಂದು ಡಬ್ಬಿ ಮಾಡಿಟ್ಟೆ. ಅಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ‘ಸಕ್ಕರೆ ಇಲ್ಯನೇ ಕೂಸೆ?’ ಎಂದು ಕೇಳಿದಳು. ‘ಇಲ್ಲೆ ಅಮ್ಮಮ್ಮ, ತಿನ್ನು’ ಎಂದೆ. ದಿನಾ ಚಹಾದ ಜೊತೆ ಎರಡೆರಡು ತಿಂದಳು, ಹತ್ತು ದಿನ. ಆ ತಿಂಗಳ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. ಹೊಸತಾಗಿ ಏನು ತಿನ್ನುತ್ತಿದ್ದೀರಿ ಎಂದು ಡಾಕ್ಟರು ಕೇಳಿದಾಗ ಆಯಿ ನನ್ನ ಮುಖ ನೋಡಿದಳು. ಏರಿದ್ದಕ್ಕೆ ಉಂಡೆಯೊಂದೇ ಕಾರಣ ಎನ್ನಲಾರೆ. ಆದರೆ ಇಲ್ಲ ಎಂದು ಹೇಳಿದ್ದು ನಾನು.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ನೂರು ಗ್ರಾಂ ಓಟ್ಸ್‌ಗೆ ಸುಮಾರು ನೂರು ಗ್ರಾಂ ಜೋನಿ ಬೆಲ್ಲ, ಹತ್ತು ಉಂಡೆ. ಅಂದರೆ ಒಂದು ಉಂಡೆಯಲ್ಲಿ ಹತ್ತು ಗ್ರಾಂ ಬೆಲ್ಲ, ಅದರಲ್ಲಿ ನೀರಿನಂಶ ಕಳೆದರೂ ಏಳೆಂಟು ಗ್ರಾಂ ಸಕ್ಕರೆ. ಚಾಕೊಲೇಟಿನದ್ದು ಬೇರೆ. ದೇಹದ ಪಾಲಿಗೆ ಬೆಲ್ಲವೂ ಜೇನೂ ಸಕ್ಕರೆಯ ಸಂಬಂಧಿಕರೇ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಕ್ಕರೆಗೆ ಹಾಕಿರುವ ಮಿತಿ ಆರೋಗ್ಯವಂತರಿಗೇ ದಿನಕ್ಕೆ ಸುಮಾರು 50 ಗ್ರಾಂ, 25ಕ್ಕಿಳಿದರೆ ಇನ್ನೂ ಒಳ್ಳೆಯದು. ಓಟ್ಸ್ ಕೊಲೆಸ್ಟ್ರಾಲ್ ಇಳಿಸುತ್ತದೆ ಎನ್ನುವುದು ಸುಳ್ಳಲ್ಲ. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಆ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ದಿನಕ್ಕೆ ಮೂರು ಗ್ರಾಂ ಬೇಕು, ನೂರು ಗ್ರಾಂ ಓಟ್ಸ್‌ನಲ್ಲಿ ಇರುವುದು ಸುಮಾರು ನಾಲ್ಕು. ನನ್ನ ಉಂಡೆಯಿಂದಲೇ ಅಷ್ಟು ಪಡೆಯಬೇಕೆಂದರೆ ಏಳೆಂಟು ತಿನ್ನಬೇಕು, ಜೊತೆಗೆ ಐವತ್ತಕ್ಕೂ ಹೆಚ್ಚು ಗ್ರಾಂ ಸಕ್ಕರೆ ನುಂಗಬೇಕು. ಹೃದಯಕ್ಕೆ ಒಳ್ಳೆಯದು ಎನ್ನುತ್ತ ಎಲ್ಲಿಗೆ ಹೋಗಿ ಮುಟ್ಟಿದೆ ನೋಡಿ!

ಉಂಡೆ ಬೇಡ ಎಂದು ಹೇಳಲು ಇಷ್ಟೆಲ್ಲ ಬರೆಯುತ್ತಿಲ್ಲ. ಹೊನ್ನಾವರ, ಕುಮಟಾದ ಹುಡುಗಿಯರು ಈಗ ಇನ್‌ಸ್ಟಾಗ್ರಾಂನಲ್ಲಿ ಇಂಥ ತಿಂಡಿಗಳನ್ನು ಮಾರಿ ಕೈಖರ್ಚಿಗೆ ದುಡಿಯುತ್ತಿದ್ದಾರೆ, ಒಳ್ಳೆಯದೇ. ನನ್ನ ತಕರಾರು ಆ ‘ಹೆಲ್ದಿ’ ಎಂಬ ಪದದ ಮೇಲೆ. ಅದನ್ನು ಬರೆದ ಕೂಡಲೇ ತಿನ್ನುವವರು ಲೆಕ್ಕ ಬಿಡುತ್ತಾರೆ. ಮೈಸೂರುಪಾಕನ್ನು ಅಮ್ಮಮ್ಮ ಎಂದೂ ಎರಡು ತಿಂದವಳಲ್ಲ.

ಇನ್ನೊಂದು ವಿಷಯ ಅಮ್ಮಮ್ಮನೇ ಎತ್ತಿದ್ದು. ಮೊದಲ ದಿನ ಬಾಯಿಗೆ ಹಾಕಿಕೊಂಡು, ‘ಇದು ಪಂಚಕಜ್ಜಾಯ ಅಲ್ದನೇ?’ ಎಂದಿದ್ದಳು. ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅವಲಕ್ಕಿ, ಬೆಲ್ಲ, ಕಾಯಿತುರಿ, ಎಳ್ಳು, ಏಲಕ್ಕಿ ಕಲಸುವ ಅವಲಕ್ಕಿ ಪಂಚಕಜ್ಜಾಯವೂ ಒಲೆ ಹಚ್ಚದ ತಿಂಡಿಯೇ. ಓಟ್ಸ್ ಹಸಿಯಾಗಿ ತಿನ್ನಲು ಬರುವುದು ಕಾರ್ಖಾನೆಯಲ್ಲಿ ಅದನ್ನು ಮೊದಲೇ ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿರುವುದರಿಂದ. ಅವಲಕ್ಕಿಯ ಕತೆಯೂ ಹೆಚ್ಚುಕಡಿಮೆ ಅದೇ: ಭತ್ತ ನೆನೆಸಿ, ಹುರಿದು, ಕುಟ್ಟಿದ್ದು. ಹಾಗೆಂದು ‘ನಮ್ಮ ಅಜ್ಜಿಯರಿಗೆ ಎಲ್ಲ ಗೊತ್ತಿತ್ತು’ ಎಂದು ಎದೆ ತಟ್ಟಿಕೊಳ್ಳಲೂ ಆಗುವುದಿಲ್ಲ. ಓಟ್ಸ್‌ನಷ್ಟು ನಾರು ಅವಲಕ್ಕಿಯಲ್ಲಿಲ್ಲ, ರಕ್ತದ ಸಕ್ಕರೆಯನ್ನು ಅದು ಬೇಗ ಏರಿಸುತ್ತದೆ. ನಾನೀಗ ಎರಡನ್ನೂ ಅರ್ಧರ್ಧ ಹಾಕುತ್ತೇನೆ. ಖರ್ಚೂ ಇಳಿಯಿತು.

ಚಾಕೊಲೇಟಿನ ವಿಚಾರದಲ್ಲಿ ಮಾತ್ರ ನಮಗೆ ದೂರದ ನೆಂಟಸ್ತನ ಬೇಕಿಲ್ಲ. ಕೊಕ್ಕೋ ನಮ್ಮ ಅಡಿಕೆ ತೋಟದಲ್ಲೇ ಇದೆ. ಚಿಕ್ಕವರಿದ್ದಾಗ ಕಾಯಿ ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪಿ ಬೀಜ ಉಗುಳುತ್ತಿದ್ದೆವು. ಚಾಕೊಲೇಟ್ ಆಗುವುದು ಆ ಉಗುಳಿದ ಬೀಜವೇ ಎಂದು ಯಾರೂ ಹೇಳಿರಲಿಲ್ಲ. ಕರಾವಳಿಯ ಕೊಕ್ಕೋ ಬೆಳೆಗಾರರು ಬೆಲೆ ಬಿದ್ದು ಕಂಗೆಟ್ಟಾಗ ಖರೀದಿಗೆ ಇಳಿದದ್ದು 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ. ಅದರ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಕೊಕ್ಕೋ ದರ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿದಾಗ ನಮ್ಮ ಬೇಕಿಂಗ್ ಗುಂಪಿನವರೆಲ್ಲ ‘ಕಾಂಪೌಂಡ್’ಗೆ ಹೊರಳಿದರು. ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ ಅಗ್ಗದ ಗಟ್ಟಿ ಅದು. ಕರಗಿಸುವುದು ಸುಲಭ, ನಮ್ಮ ಸೆಕೆಗೂ ಸ್ವಲ್ಪ ತಾಳುತ್ತದೆ. ಆದರೆ ಅದನ್ನು ಹಾಕಿ ‘ಡಾರ್ಕ್ ಚಾಕೊಲೇಟ್’ ಎಂದು ಬರೆಯುವವರಿದ್ದಾರಲ್ಲ, ಅದು ಸರಿಯಲ್ಲ. ನಾನು ಮೇಲಿನ ಲೇಪನವನ್ನೇ ಬಿಟ್ಟೆ. ಸಿಹಿಯಿಲ್ಲದ ಕೊಕ್ಕೋ ಪುಡಿ ಸಾಕು.

ರೀಲ್ಸ್‌ನವರಿಗೆ ಗೊತ್ತಿಲ್ಲದ್ದು ನಮ್ಮ ಮಳೆಗಾಲ. ಆಷಾಢದಲ್ಲಿ ಓಟ್ಸ್ ಡಬ್ಬಿ ತೆರೆದಿಟ್ಟರೆ ಸಂಜೆಗೆ ಮೆತ್ತಗೆ. ಹಸಿ ತೆಂಗಿನ ತುರಿ ಹಾಕಿದ ಉಂಡೆ ಫ್ರಿಜ್ ಇಲ್ಲದೆ ಮರುದಿನಕ್ಕೆ ಹಳಸುತ್ತದೆ, ಕರೆಂಟಿನ ಕತೆಯೋ ಕೇಳುವುದೇ ಬೇಡ. ಅನಾನಸು ಹಾಕಿ ಒಂದು ಸಲ ಮಾಡಿದ್ದೆ. ನೀರು ಬಿಟ್ಟು ಮೂರನೇ ದಿನ ಹುಳಿವಾಸನೆ. ಹಾಗಾಗಿ ಒಣಗಿದ್ದೇ ಆಗಬೇಕು: ಮಾವಿನ ರಸ ಬಿಸಿಲಿಗೆ ಒಣಗಿಸಿದ ಹಾಳೆ, ಬಾಳೆಹಣ್ಣಿನ ಸುಕೇಳಿ, ಹುರಿದ ಕೊಬ್ಬರಿ. ಸುಕೇಳಿಯ ತುಂಡು ಹೆಚ್ಚು ಹಾಕಿದರೆ ಬೆಲ್ಲ ಅರ್ಧಕ್ಕಿಳಿಸಬಹುದು, ಅದೇ ಅಂಟೂ ಆಗುತ್ತದೆ. ಒಣ ಮುರುಗಲು ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ ಒಂದು ಚಿಟಿಕೆ ಸೇರಿಸಿ ನೋಡಿ. ಕೊಕ್ಕೋದ ಕಹಿಗೆ ಆ ಹುಳಿ ಎಷ್ಟು ಒಗ್ಗುತ್ತದೆ ಎಂದರೆ ಸಿಹಿ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ಗೆಳತಿ ಒಪ್ಪುವುದಿಲ್ಲ. ಅವಳ ಅಣ್ಣ ದುಬೈಯಿಂದ ಬರುವಾಗಲೆಲ್ಲ ಖರ್ಜೂರ ತರುತ್ತಾನೆ. ಅಂಟಿಗೆ ಖರ್ಜೂರದ ಮುಂದೆ ನಿನ್ನ ಸುಕೇಳಿ ಯಾವ ಲೆಕ್ಕ ಎನ್ನುತ್ತಾಳೆ. ಅದರಲ್ಲೂ ಸಿಹಿಯೇ ತುಂಬಿದೆಯಲ್ಲ ಮಾರಾಯ್ತಿ ಎಂದರೆ, ನಾರೂ ಇದೆ ಎಂದು ಜಗಳಕ್ಕೆ ನಿಲ್ಲುತ್ತಾಳೆ. ಇಬ್ಬರೂ ಒಪ್ಪಿದ್ದು ಚೀಟಿಯ ವಿಷಯದಲ್ಲಿ ಮಾತ್ರ. ಈ ಸಲದ ಮೇಳದಲ್ಲಿ ಪೊಟ್ಟಣದ ಮೇಲೆ ಅವಳದೇ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಓಟ್ಸ್, ಅವಲಕ್ಕಿ, ಕೊಕ್ಕೋ, ಕೊಬ್ಬರಿ, ಬಾಳೆಹಣ್ಣು, ಮುರುಗಲು. ಗೇರುಬೀಜ ಇದೆ. ಒಂದು ಉಂಡೆಗೆ ಐದು ಗ್ರಾಂ ಬೆಲ್ಲ.’ ಖಾಲಿಯಾಗಲು ಸಂಜೆಯಾಯಿತು. ಎರಡು ಪೊಟ್ಟಣ ಉಳಿದವು. ಮನೆಗೆ ತಂದಾಗ ಅಮ್ಮಮ್ಮ ಕನ್ನಡಕ ಹಾಕಿಕೊಂಡು ಚೀಟಿ ಓದಿದಳು, ಒಂದು ಉಂಡೆ ತೆಗೆದು ಅರ್ಧ ಮುರಿದು ಉಳಿದರ್ಧ ನನ್ನ ಕೈಗಿಟ್ಟಳು.