ಮುತ್ಯಾನ ಜ್ವರ ಬೆಳಗಿನ ತನಕ ಕಾಯದು

“ಸರ್, ನಮ್ಮ ಮುತ್ಯಾಗ ಕ್ಯಾನ್ಸರ್ ನಾಕನೇ ಸ್ಟೇಜ್ ಅಂತ ಹೇಳ್ಯಾರ. ಎಷ್ಟರಾಗ ನಾಕು ಸರ್?”

ಶಹಾಪುರದಲ್ಲಿ ನಡೆದ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೀಗೆ ಕೇಳಿದ. ಅಂಕಪಟ್ಟಿ ನೋಡಿಯೇ ಬೆಳೆದ ಮಗು. ನಾಲ್ಕು ಎಂದರೆ ಐದಕ್ಕೋ ಹತ್ತಕ್ಕೋ ಎಂಬುದು ಅವನಿಗೆ ತಿಳಿಯಬೇಕಾಗಿತ್ತು. ನಾಲ್ಕಕ್ಕೆ ನಾಲ್ಕು ಎಂದೆ. ಮುಖ ಸಪ್ಪಗಾಯಿತು. ಆದರೆ ಉತ್ತರ ಅಲ್ಲಿಗೇ ಮುಗಿಯುವುದಿಲ್ಲ. ಅವನ ಮುತ್ಯಾನಿಗೆ ಬಂದಿರುವುದು ಲಿಂಫೋಮಾ. ಈ ಕಾಯಿಲೆಯಲ್ಲಿ ನಾಲ್ಕು ಎಂಬ ಅಂಕಿಯ ಅರ್ಥವೇ ಸ್ವಲ್ಪ ಬೇರೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಮನೆಯಲ್ಲಿ ಡಾಕ್ಟರ್ ಮಾಡಲಾಗದ, ಆ ಹುಡುಗ ಮಾಡಬಹುದಾದ ಕೆಲಸಗಳಿವೆ. ಪಾಲಕರೂ ಓದಲಿ ಎಂದು ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ರಕ್ತದ ಪಾಠ ಓದುವಾಗ ದುಗ್ಧರಸದ ಹೆಸರು ಕೇಳಿದ್ದೀರಿ. ರಕ್ತನಾಳಗಳಿಂದ ಒಸರಿದ ದ್ರವವನ್ನು ತಿರುಗಿ ರಕ್ತಕ್ಕೆ ಸೇರಿಸುವ ಸಣ್ಣ ಕಾಲುವೆಗಳ ಜಾಲ ನಮ್ಮ ಮೈತುಂಬ ಹರಡಿದೆ. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಹೊಲಗಾಲುವೆಗಳು ಕವಲೊಡೆದಂತೆ ಎಂದರೆ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ನೀರು ಹರಿಯುವ ದಿಕ್ಕು ಮಾತ್ರ ಇಲ್ಲಿ ತಿರುಗುಮುರುಗು. ಈ ಕಾಲುವೆಗಳ ಮೇಲೆ ಅಲ್ಲಲ್ಲಿ ಚೌಕಿಗಳಿವೆ. ಅವೇ ದುಗ್ಧ ಗ್ರಂಥಿಗಳು. ಕುತ್ತಿಗೆ, ಕಂಕುಳು, ತೊಡೆಯ ಸಂದು, ಹೊಟ್ಟೆಯ ಒಳಗೆ ಹೀಗೆ ನೂರಾರು. ರೋಗಾಣುಗಳನ್ನು ಹಿಡಿಯುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಲ್ಲಿ ಕಾವಲಿರುತ್ತವೆ. ಕಾವಲುಗಾರರಲ್ಲೇ ಒಬ್ಬ ಕಟ್ಟು ತಪ್ಪಿ, ಸಾಯದೆ, ತನ್ನಂಥವರನ್ನೇ ಹೆಚ್ಚಿಸುತ್ತ ಹೋದರೆ ಅದೇ ಲಿಂಫೋಮಾ. 1832ರಲ್ಲಿ ಲಂಡನ್ನಿನ ಥಾಮಸ್ ಹಾಜ್‌ಕಿನ್ ಎಂಬ ವೈದ್ಯರು ಇಂಥ ಗ್ರಂಥಿಗಳ ರೋಗವನ್ನು ಮೊದಲು ವಿವರಿಸಿದರು. ಇಂದಿಗೂ ಈ ಕಾಯಿಲೆಯನ್ನು ಹಾಜ್‌ಕಿನ್ ಮತ್ತು ಹಾಜ್‌ಕಿನ್ ಅಲ್ಲದ್ದು ಎಂದು ಎರಡು ಪಾಲು ಮಾಡುತ್ತಾರೆ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಅದರಲ್ಲೂ ಹತ್ತಾರು ಬಗೆಗಳಿವೆ. ಕೆಲವು ವಾರಗಳಲ್ಲೇ ಏರುತ್ತವೆ, ಕೆಲವು ವರ್ಷಗಟ್ಟಲೆ ನಿಧಾನವಾಗಿ ತೆವಳುತ್ತವೆ.

ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ್ದಕ್ಕೆ ನಮ್ಮ ಹಿರಿಯರು ದವಾಖಾನೆ ಹತ್ತುವವರಲ್ಲ. ಸಂಜೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಧೋತರ ಸಡಿಲಾಗುವಷ್ಟು ತೂಕ ಇಳಿಯುವುದು, ಇಷ್ಟಾದ ಮೇಲೆ ಹೊರಡುತ್ತಾರೆ. ಇವೇ ಲಕ್ಷಣಗಳು ಕ್ಷಯದಲ್ಲೂ ಇವೆ, ಕ್ಷಯದಲ್ಲೂ ಕುತ್ತಿಗೆಯ ಗಂಟು ಊದುತ್ತದೆ. ಬರೀ ಕೈಯಿಂದ ಮುಟ್ಟಿ ಯಾವುದೆಂದು ಹೇಳಲಾಗದು. ಗಂಟನ್ನೋ ಅದರ ತುಂಡನ್ನೋ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಲೇಬೇಕು. ಅದೇ ಬಯಾಪ್ಸಿ. ಕತ್ತಿ ಮುಟ್ಟಿಸಿದರೆ ರೋಗ ಹರಡುತ್ತದೆ ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಬಹಳ ಓಡಾಡುತ್ತದೆ. ಅದನ್ನು ನಂಬಿ ಬಯಾಪ್ಸಿ ತಪ್ಪಿಸಬೇಡಿ. ನಿಜವಾಗಿ ಕೆಡಕು ಮಾಡುವುದು ಬೇರೆ ಒಂದಿದೆ. ಗೊತ್ತುಗುರಿಯಿಲ್ಲದೆ ಚುಚ್ಚಿಸಿಕೊಂಡ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ಲಿಂಫೋಮಾದ ಗಂಟು ಕೆಲವು ದಿನ ಕರಗಿದಂತೆ ಕಾಣುತ್ತದೆ, ಆಮೇಲೆ ಬಯಾಪ್ಸಿ ಮಾಡಿದರೂ ರೋಗ ಸರಿಯಾಗಿ ತಿಳಿಯದೇ ಹೋಗಬಹುದು. “ಒಂದೇ ಸೂಜಿಗೆ ಗಂಟು ಇಳೀತ್ರಿ” ಎಂದು ಸಂತೋಷಪಡುವವರನ್ನು ಕಂಡಾಗ ನನಗೆ ಭಯವಾಗುತ್ತದೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. 1971ರಲ್ಲಿ ಅಮೆರಿಕದ ಆನ್ ಆರ್ಬರ್ ಎಂಬ ಊರಿನಲ್ಲಿ ವೈದ್ಯರು ಸೇರಿ ಈ ಹಂತಗಳನ್ನು ಗೊತ್ತುಮಾಡಿದರು. ಒಂದೇ ಕಡೆಯ ಗ್ರಂಥಿಗಳಲ್ಲಿದ್ದರೆ ಒಂದನೆಯ ಹಂತ. ಎದೆ ಹೊಟ್ಟೆಗಳ ನಡುವಿನ ವಪೆಯ ಒಂದೇ ಬದಿಗೆ ಎರಡು ಅಥವಾ ಹೆಚ್ಚು ಕಡೆ ಇದ್ದರೆ ಎರಡನೆಯದು. ವಪೆಯ ಮೇಲೂ ಕೆಳಗೂ ಇದ್ದರೆ ಮೂರು. ಯಕೃತ್ತು, ಅಸ್ಥಿಮಜ್ಜೆ ಮುಂತಾದ ಅಂಗಗಳಿಗೂ ಹರಡಿದ್ದರೆ ನಾಲ್ಕು. ಹೊಟ್ಟೆಯ ಅಥವಾ ಶ್ವಾಸಕೋಶದ ಕ್ಯಾನ್ಸರಿನಲ್ಲಿ ನಾಲ್ಕನೆಯ ಹಂತವೆಂದರೆ ಬಹುಮಟ್ಟಿಗೆ ಗುಣದ ಆಸೆ ದಾಟಿತೆಂದೇ ಲೆಕ್ಕ. ಲಿಂಫೋಮಾ ಹಾಗಲ್ಲ. ಲಿಂಫೋಸೈಟ್‌ಗಳು ಹುಟ್ಟಿನಿಂದಲೇ ಊರೂರು ತಿರುಗುವ ಕಣಗಳು, ಔಷಧವೂ ರಕ್ತದ ಜೊತೆ ಎಲ್ಲೆಡೆ ತಿರುಗುತ್ತದೆ. ಆದ್ದರಿಂದ ವೇಗವಾಗಿ ಬೆಳೆಯುವ ಲಿಂಫೋಮಾಗಳಲ್ಲಿ ನಾಲ್ಕನೆಯ ಹಂತದವರೂ ಕೆಲವರು ಪೂರ್ತಿ ಗುಣವಾಗುತ್ತಾರೆ. ಹಂತದ ಅಂಕಿ ರೋಗ ಎಲ್ಲೆಲ್ಲಿದೆ ಎಂಬುದರ ನಕಾಶೆ ಅಷ್ಟೇ. ಯಾವ ಬಗೆ, ಎಷ್ಟು ವಯಸ್ಸು, ಹೃದಯ ಮೂತ್ರಪಿಂಡ ಹೇಗಿವೆ, ರೋಗಿ ಎದ್ದು ಓಡಾಡುತ್ತಾರೋ ಇಲ್ಲವೋ, ಇವೆಲ್ಲ ಕೂಡಿ ಫಲಿತಾಂಶ.

ಸಾಮಾನ್ಯವಾಗಿ ಕೊಡುವ ಔಷಧಗಳ ಕೂಟಕ್ಕೆ ಚಾಪ್ ಎನ್ನುತ್ತಾರೆ. ನಾಲ್ಕು ಔಷಧಗಳು, 21 ದಿನಕ್ಕೊಂದು ಸರದಿ. ಅದರಲ್ಲೊಂದು ಸೈಕ್ಲೋಫಾಸ್ಫಮೈಡ್, ಯುದ್ಧದ ವಿಷಾನಿಲ ಮಸ್ಟರ್ಡ್ ಗ್ಯಾಸಿನ ಮನೆತನದ್ದು. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆ ಮನೆತನದ ರಾಸಾಯನಿಕವನ್ನು ಮೊದಲ ಸಲ ಕೊಟ್ಟದ್ದು ಲಿಂಫೋಮಾ ರೋಗಿಗೇ. ಯುದ್ಧದ ಗುಟ್ಟಾದ್ದರಿಂದ 1946ರ ತನಕ ಪ್ರಕಟಿಸಲಿಲ್ಲ. ಇನ್ನೊಂದು ವಿನ್‌ಕ್ರಿಸ್ಟಿನ್. ನಮ್ಮ ಗುಡಿ ಅಂಗಳದಲ್ಲಿ ನೀರು ಹಾಕದಿದ್ದರೂ ಅರಳುವ ಸದಾಪುಷ್ಪದಿಂದ ತೆಗೆದದ್ದು. (ಹಾಗೆಂದು ಎಲೆ ಅರೆದು ಕುಡಿಸಬೇಡಿ. ಆ ಗಿಡದಲ್ಲಿ ಬೇರೆ ವಿಷಗಳೂ ಇವೆ, ಪ್ರಮಾಣವೂ ಗೊತ್ತಿಲ್ಲ.) 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಟಕ್ಸಿಮ್ಯಾಬ್ ಇವುಗಳ ಜೊತೆ ಸೇರಿದ ಮೇಲೆ ಗುಣವಾಗುವವರ ಸಂಖ್ಯೆ ಏರಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದೇ ಬಗೆಯ ಔಷಧವನ್ನು ಇಲ್ಲಿಯೇ ತಯಾರಿಸಿತು. ಮುದುಕರಿಗೆ ಇದೆಲ್ಲ ತಡೆದೀತೇ ಎಂಬುದು ನ್ಯಾಯವಾದ ಸಂದೇಹ. 80 ದಾಟಿದ 149 ಮಂದಿಗೆ ಪ್ರಮಾಣ ಇಳಿಸಿ ಈ ಔಷಧಗಳನ್ನು ಕೊಟ್ಟ ಫ್ರಾನ್ಸ್ ಮತ್ತು ಬೆಲ್ಜಿಯಂ ವೈದ್ಯರ ವರದಿ 2011ರಲ್ಲಿ ಬಂತು. ಎರಡು ವರ್ಷದ ನಂತರ ಸುಮಾರು ನೂರಕ್ಕೆ 59 ಮಂದಿ ಬದುಕಿದ್ದರು. ವಯಸ್ಸೊಂದನ್ನೇ ನೋಡಿ “ಈಗ್ಯಾಕ ಬಿಡ್ರಿ” ಎನ್ನುವುದು ಸರಿಯಲ್ಲ. “ಏನಾದ್ರೂ ಆಗ್ಲಿ ಪೂರಾ ಕೊಡ್ರಿ” ಎನ್ನುವುದೂ ಸರಿಯಲ್ಲ.

ಈಗ ಮನೆಯ ಕೆಲಸ. ಕೀಮೋ ಕೊಟ್ಟ ಮೇಲೆ ಸುಮಾರು 7ನೆಯ ದಿನದಿಂದ 14ನೆಯ ದಿನದ ತನಕ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ತೀರಾ ಇಳಿಯುತ್ತವೆ. ಆಗ ಬಂದ ಸೋಂಕು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಮೈ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಅದು ಸಾದಾ ಜ್ವರವಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಗುಳಿಗೆ ಜ್ವರ ಇಳಿಸೀತು, ಸೋಂಕನ್ನಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಹೋಗಬೇಕೆಂಬುದು ವೈದ್ಯರ ನಿಯಮ. ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರಿನ ಆಸುಪಾಸು. ಮಧ್ಯರಾತ್ರಿ ಅಷ್ಟು ದೂರ ಓಡುವ ಮೊದಲು ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ತಾಲ್ಲೂಕು ಆಸ್ಪತ್ರೆಗೋ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೋ ಮೊದಲು ಮುಟ್ಟಿಸಿ. ಬಾಗಿಲಲ್ಲೇ ಹೇಳಬೇಕಾದ ಮೊದಲ ಮಾತು “ಜ್ವರ ಬಂದಾವ್ರಿ” ಎಂದಲ್ಲ, “ಕೀಮೋ ಆಗಿ ಇಂದಿಗೆ ಹತ್ತನೇ ದಿನ, ಜ್ವರ ಬಂದಾವ್ರಿ” ಎಂದು. ಆ ಒಂದು ವಾರ 108ರ ಜೊತೆಗೆ ಊರಿನ ಯಾವ ಗಾಡಿ ಸಿಗುತ್ತದೆಂದು ಮೊದಲೇ ಮಾತಾಡಿಟ್ಟಿರಬೇಕು. ಮುದುಕರಲ್ಲಿ ಸೋಂಕಿದ್ದರೂ ಜ್ವರ ಏರದೇ ಇರಬಹುದು. ನಡುಕ, ಗೊಂದಲದ ಮಾತು, ಉಸಿರು ಏರುವುದು, ಮೂತ್ರ ಕಡಿಮೆಯಾಗುವುದು, ಇವೂ ಅಷ್ಟೇ ಅವಸರದವು.

ಜ್ವರ ಅಳೆಯುವ ಕೆಲಸ ಮನೆಯ ವಿದ್ಯಾರ್ಥಿಗೇ ಇರಲಿ. ಇಲ್ಲೊಂದು ಭೌತಶಾಸ್ತ್ರದ ಸೂಕ್ಷ್ಮವಿದೆ. ಪಾದರಸದ ಜ್ವರಮಾಪಕ ಏರಿದ ಮೇಲೆ ತಾನಾಗಿ ಇಳಿಯುವುದಿಲ್ಲ, ಝಾಡಿಸಿ ಇಳಿಸಬೇಕು. ಮೇ ತಿಂಗಳಿನಲ್ಲಿ ಯಾದಗಿರಿಯ ಮಧ್ಯಾಹ್ನ ನಮ್ಮ ಮೈಗಿಂತ ಬಿಸಿ. ಕಿಟಕಿಯಲ್ಲಿಟ್ಟ ಮಾಪಕವನ್ನು ಹಾಗೆಯೇ ಬಾಯಿಗಿಟ್ಟರೆ ಅದು ತೋರಿಸುವುದು ಮುತ್ಯಾನ ಜ್ವರವನ್ನಲ್ಲ, ಕಿಟಕಿಯ ಬಿಸಿಲನ್ನು. ಡಿಜಿಟಲ್ ಮಾಪಕವಾದರೂ ತಂಪು ಜಾಗದಲ್ಲಿಡಿ. ಚಹಾ ಕುಡಿದಿದ್ದರೆ ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಕಂಕುಳಲ್ಲಿ ಅಳೆದರೆ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ, ಪ್ರತಿ ಸಲ ಒಂದೇ ಕಡೆ ಅಳೆಯಿರಿ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಕೀಮೋ ಆಗಿ ಎಷ್ಟನೆಯ ದಿನ, ಮುಂಜಾನೆ ಸಂಜೆಯ ಉಷ್ಣತೆ, ತೂಕ, ಏನು ಉಂಡರು, ಹೊಟ್ಟೆ ಹೋಯಿತೋ ಇಲ್ಲವೋ ಎಂದು ಬರೆಯಬೇಕು. ಸದಾಪುಷ್ಪದ ಔಷಧ ಮಲ ಕಟ್ಟಿಸುತ್ತದೆ, ಪಾದ ಜೋಮು ಹಿಡಿಸುತ್ತದೆ. ಚಾಪ್‌ನ ಗುಳಿಗೆ ಸಕ್ಕರೆ ಕಾಯಿಲೆ ಏರಿಸುತ್ತದೆ, ನಿದ್ದೆಗೆಡಿಸುತ್ತದೆ. ಕೆಂಪು ಬಣ್ಣದ ಔಷಧ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಾಗುವುದು ಮಾತ್ರ ರಕ್ತವಲ್ಲ, ಗಾಬರಿ ಬೇಡ. ಡಾಕ್ಟರರಿಗೆ ರೋಗಿಯನ್ನು ನೋಡಲು ಸಿಗುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ಈ ನೋಟ್‌ಬುಕ್ಕಿನಷ್ಟು ಬೆಲೆಯುಳ್ಳದ್ದು ಬೇರೆ ಇಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯಿ ಹುಣ್ಣಾದಾಗ ನಮ್ಮ ಖಾರ ನಡೆಯದು. ಬಿಸಿ ನುಚ್ಚು, ಹಾಲನ್ನ, ಬೇಳೆಯ ಕಟ್ಟು, ಚೆನ್ನಾಗಿ ಬೇಯಿಸಿದ ತತ್ತಿ, ಕುದಿಸಿ ಆರಿಸಿದ ನೀರು. ಹಸಿ ಸೌತೆ, ಕೊಯ್ದಿಟ್ಟ ಹಣ್ಣು, ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲು ಬೇಡ. ಕಷ್ಟವಾಗುವುದು ಊಟಕ್ಕಿಂತ ಬಂಧುಗಳ ವಿಷಯ. ನೋಡಲು ಬರುವುದು ನಮ್ಮಲ್ಲಿ ಧರ್ಮ, ಬೇಡವೆಂದರೆ ಮುನಿಸು. ಆದರೂ ಆ ವಾರ ಕೆಮ್ಮು ನೆಗಡಿಯವರನ್ನು ಅಂಗಳದಲ್ಲೇ ಕೂಡಿಸಿ ಚಹಾ ಕೊಟ್ಟು ಕಳಿಸುವ ಗಟ್ಟಿತನ ಯಾರಾದರೊಬ್ಬರಿಗೆ ಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯರೇ ಇದಕ್ಕೆ ತಕ್ಕವರು.

ಖರ್ಚಿನ ಮಾತೂ ಬಂತು. ಆಸ್ಪತ್ರೆಯ ಖರ್ಚಿಗೆ ಹೊಲ ಮಾರಿದ ಮನೆಗಳು ನಮ್ಮಲ್ಲಿ ಇವೆ. ಬಡವರ ದೊಡ್ಡ ಕಾಯಿಲೆಗಳಿಗಾಗಿ 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಜೋಡಿಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಉಪಕೇಂದ್ರ ಕಲಬುರಗಿಯಲ್ಲೇ ಇದೆ. ನಮ್ಮವರು ಹೈದರಾಬಾದಿನ ಎಂಎನ್‌ಜೆ ಆಸ್ಪತ್ರೆಗೂ ಬಾರ್ಶಿಗೂ ಹೋಗುತ್ತಾರೆ. ಹೊರರಾಜ್ಯಕ್ಕೆ ಹೋಗುವ ಮೊದಲು ಕಾರ್ಡು ಅಲ್ಲಿ ನಡೆಯುತ್ತದೋ ಕೇಳಿಕೊಳ್ಳಬೇಕು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ ಇದೆ. ಆಸ್ಪತ್ರೆ ಬರೆದುಕೊಟ್ಟ ನಮೂನೆಯನ್ನು ಯಾದಗಿರಿ ಸ್ಟೇಷನ್ನಿನ ಕೌಂಟರಿನಲ್ಲಿ ಕೊಡಬೇಕು, ಮೊಬೈಲಿನಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಮಾಡುವ ಮನೆಗಳೂ ಒಂದು ಕಡೆ ಎಡವುತ್ತವೆ. ರೋಗಿಗೆ ಹೇಳುವುದಿಲ್ಲ. ನನ್ನ ಸೋದರಮಾವ ಸುರಪುರ ತಾಲ್ಲೂಕಿನ ರೈತರು. 76ರ ವಯಸ್ಸಿನಲ್ಲಿ ಅವರಿಗೆ ಲಿಂಫೋಮಾ ನಾಲ್ಕನೆಯ ಹಂತ ಎಂದು ತಿಳಿದಾಗ ಅವರ ಮಕ್ಕಳು “ಅಪ್ಪಗ ಬರೇ ಗಂಟಂತ ಹೇಳಿ ಬಿಡೋಣು” ಎಂದು ನಿಶ್ಚಯಿಸಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮಾವ ನನ್ನ ಕಡೆ ತಿರುಗಿ, “ಬೋರ್ಡ್ ಓದಾಕ ಬರ್ತಾದ ಅಳಿಯ ನನಗ. ಇನ್ನ ಏನ್ ಮುಚ್ಚತೀರಿ?” ಎಂದರು. ಆಮೇಲೆ ಡಾಕ್ಟರರ ಮುಂದೆ ಅವರೇ ಕೇಳಿದ್ದು ಮೂರು ಮಾತು. ಹೊಲದ ತನಕ ನಡೆಯಲು ಬಂದೀತೇ? ಹೊಲ ಮಾರಬೇಕಾದೀತೇ? ಔಷಧ ನಾಟದಿದ್ದರೆ ಮನೆಯಲ್ಲಿರಬಹುದೇ? ಮೂರಕ್ಕೂ ಡಾಕ್ಟರರು ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಮಕ್ಕಳು ಒಂದು ತಿಂಗಳಿನಿಂದ ಮನಸ್ಸಿನಲ್ಲೇ ಎರಡು ಎಕರೆ ಮಾರಿಯಾಗಿತ್ತು. ಆ ಮಾತು ಅಲ್ಲಿಗೇ ನಿಂತಿತು. ಮುದುಕರಿಗೆ ಹೇಳಿದರೆ ಎದೆ ಒಡೆದೀತು ಎನ್ನುತ್ತೇವೆ. ಬರಗಾಲ ಕಂಡವರು, ಮಕ್ಕಳನ್ನು ಮಣ್ಣಿಗಿಟ್ಟವರು ಅವರು. ನಮಗಿಂತ ಗಟ್ಟಿ.

ಪ್ರಮಾಣ ಇಳಿಸಿದ ಆರು ಸರದಿ ಮುಗಿಯಿತು. ಒಂದು ಮುಂಗಾರು, ಒಂದು ಹಿಂಗಾರು ಮಾವ ಬದುವಿನ ಮೇಲೆ ಕೂತು ಆಳುಗಳಿಗೆ ಕೂಗಿ ಹೇಳಿದರು. ಆಮೇಲೆ ಹೊಟ್ಟೆಯಲ್ಲಿ ಗಂಟುಗಳು ಮರಳಿದವು. ಎರಡನೆಯ ಸಾಲಿನ ಔಷಧ ಅವರ ಹೃದಯಕ್ಕೆ ತಡೆಯದು ಎಂದರು ಡಾಕ್ಟರ್. ಮೂರನೆಯ ಪ್ರಶ್ನೆಯ ಉತ್ತರ ಮೊದಲೇ ಗೊತ್ತಿದ್ದುದರಿಂದ ಊರೂರು ಅಲೆಯುವುದು ತಪ್ಪಿತು.

ಇಂಥ ಹೊತ್ತಿನಲ್ಲಿ “ಇನ್ನೇನೂ ಮಾಡೋದಿಲ್ಲ” ಎಂದು ಮನೆಗೆ ಕಳಿಸುವ ಮಾತು ಸುಳ್ಳು. ಮಾಡುವುದು ಬಹಳ ಇದೆ. ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಅದರ ಮೇಲಿನ ಮೆಟ್ಟಿಲು ಮಾರ್ಫಿನ್ ಗುಳಿಗೆ. 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಅದು ನಮ್ಮ ದೇಶದ ಆಸ್ಪತ್ರೆಗಳಲ್ಲೇ ಸಿಗದಂತಾಗಿತ್ತು. 2014ರ ತಿದ್ದುಪಡಿ ದಾರಿಯನ್ನು ಸ್ವಲ್ಪ ಸಡಿಲ ಮಾಡಿತು. ಈಗಲೂ ಔಷಧದಂಗಡಿಗಳಲ್ಲಿ ಕೇಳಿ ಪ್ರಯೋಜನವಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಯ ನೋವು ನಿವಾರಣೆ ವಿಭಾಗದಲ್ಲೇ ಕೇಳಬೇಕು. ಮನೆಯಲ್ಲಿ ನೋಡಿಕೊಳ್ಳಲಾಗದವರಿಗೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ದುಡ್ಡಿಲ್ಲದೆ ಆರೈಕೆ ಇದೆ. ಚಟ ಹತ್ತುತ್ತದೆ ಎಂದು ನೆರೆಯವರು ಹೆದರಿಸುತ್ತಾರೆ. ನೋವಿಗೆಂದು ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಚಟವಾಗುವುದು ಅಪರೂಪ. ಮಲ ಕಟ್ಟುವುದು ಮಾತ್ರ ಖಂಡಿತ, ಅದಕ್ಕೆ ಜೊತೆಯಲ್ಲೇ ಔಷಧ ಬೇಕು. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು.

ಮಾವನ ಮನೆಯಲ್ಲಿ ಆ ಗಡಿಯಾರ ನೋಡುತ್ತಿದ್ದವಳು ಎಂಟನೆಯ ತರಗತಿಯ ಮೊಮ್ಮಗಳು. ನಾಲ್ಕು ಗಂಟೆಗೊಮ್ಮೆ. ಮುಂಜಾನೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಗೋಡೆಯ ಮೇಲೆ ಬರೆದಿದ್ದಳು. ರಾತ್ರಿ ಎರಡರ ಗುಳಿಗೆಗೆ ಅತ್ತೆ ಎಚ್ಚರವಿದ್ದು ಸೊರಗುತ್ತಿದ್ದರು. ಹುಡುಗಿ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಡಾಕ್ಟರರನ್ನು ಕೇಳಿದಳು. ಹತ್ತರ ಗುಳಿಗೆಯನ್ನು ಎರಡು ಮಾಡಿ, ಎರಡು ಗಂಟೆಯದನ್ನು ಬಿಡಿ ಎಂದರು. ಅಂದಿನಿಂದ ಆ ಮನೆಯಲ್ಲಿ ಇಬ್ಬರೂ ಬೆಳಗಿನ ಆರರ ತನಕ ಮಲಗುವಂತಾಯಿತು.